ಫೇರ್‌ಫ್ಯಾಕ್ಸ್ ಕಡೆಯ ಸೆಕ್ಯುರಿಟಿ ಕ್ಲಿಯರೆನ್ಸ್ ಲಾಯರ್ ಸರ್ವಿಸ್, ದುಡ್ಡು ಕೊಟ್ಟು ಹೋಗಿ ಬಂದವನ ರಿವ್ಯೂ

ಮೊದ್ಲು ರೇಟ್ ಹೇಳ್ಬಿಡ್ತೀನಿ, ಎಲ್ಲರೂ ಕೇಳೋದು ಅದೇ. ಮೊದಲನೇ ಸಲ ಒಂದು ಗಂಟೆ ಕೂತು ಮಾತಾಡೋಕೆ 350 ಡಾಲರ್, ಆಮೇಲೆ ಸ್ಟೇಟ್‌ಮೆಂಟ್ ಬರೆಯೋದು, ಇಂಟರ್‌ವ್ಯೂಗೆ ತಯಾರಿ ಮಾಡಿಸೋದು, ಲಿಖಿತ ಪ್ರಶ್ನೆ ಬಂದ್ರೆ ಅದಕ್ಕೆ ಉತ್ತರ ಕೊಡೋದು ಎಲ್ಲಾ ಸೇರಿ 2,800, ಮಧ್ಯೆ ಮಧ್ಯೆ ಫೋನ್ ಮಾಡಿದ್ದಕ್ಕೆ ಇನ್ನೊಂದು 250, ಒಟ್ಟು 3,400 ಡಾಲರ್ ಆಯ್ತು ನಂಗೆ. ವರ್ಜೀನಿಯಾದ ಫೇರ್‌ಫ್ಯಾಕ್ಸ್ ಹತ್ರ ಒಂದು ಹಳೇ ಬಿಲ್ಡಿಂಗು, ಕೆಳಗೆ ಹಲ್ಲಿನ ಡಾಕ್ಟರ್, ಮೇಲೆ ಈ ಲಾಯರಮ್ಮ ಮತ್ತೆ ಅವರ ಅಸಿಸ್ಟೆಂಟ್ ಒಬ್ಬ ಹುಡುಗ, ಅಷ್ಟೇ ಆಫೀಸು. ಕ್ಲಿಯರೆನ್ಸ್ ಕೇಸ್ ಬಿಟ್ರೆ ಬೇರೆ ಏನೂ ತಗೊಳ್ಳಲ್ಲ ಅವರು. ಹೆಸರು ಹಾಕ್ತಿಲ್ಲ, ಅವರನ್ನ ಕೇಳಿಲ್ಲ ನಾನು. ಇಂಥ ಸರ್ವಿಸ್‌ಗೆ ಅಷ್ಟು ದುಡ್ಡು ಸುರೀಬೇಕಾ ಅಂತ ಒದ್ದಾಡ್ತಿರೋ ನಮ್ಮವ್ರಿಗೆ ಉಪಯೋಗ ಆಗ್ಲಿ ಅಂತ ಬರೀತಿದೀನಿ, ಮತ್ತೆ ಇದನ್ನ ಬರೀಬೇಕಂದ್ರೆ ನಾನು ಮಾಡಿದ ತಪ್ಪನ್ನೂ ಬರೀಲೇಬೇಕು, ಬೇರೆ ದಾರಿ ಇಲ್ಲ.

ಗೊತ್ತಿಲ್ದೋರಿಗೆ ಸ್ವಲ್ಪ ಹಿನ್ನೆಲೆ. ಇಲ್ಲಿ ಅಮೆರಿಕದಲ್ಲಿ ಸರ್ಕಾರದ ಗುಟ್ಟಿನ ಫೈಲು, ಸಿಸ್ಟಮ್ಮು ಮುಟ್ಟೋ ಕೆಲ್ಸಕ್ಕೆ ಕ್ಲಿಯರೆನ್ಸ್ ಬೇಕು. ಕಾನ್ಫಿಡೆನ್ಷಿಯಲ್, ಸೀಕ್ರೆಟ್, ಟಾಪ್ ಸೀಕ್ರೆಟ್ ಅಂತ ಮೂರು ಮಟ್ಟ. ನಾವಾಗೇ ಅಪ್ಲೈ ಮಾಡೋಕಾಗಲ್ಲ, ಕಂಪನಿ ಸ್ಪಾನ್ಸರ್ ಮಾಡ್ಬೇಕು. ಯಾರಿಗೆ ಕೊಡ್ಬೇಕು ಯಾರಿಗೆ ಬೇಡ ಅಂತ ತೂಗಿ ನೋಡೋಕೆ ಎಸ್‌ಇಎಡಿ-4 ಅಂತ ಒಂದು ಆದೇಶ ಇದೆ, 2017ರ ಜೂನ್ 8ರಿಂದ ಜಾರೀಲಿರೋದು, ಅದ್ರಲ್ಲಿ ಎ ಇಂದ ಎಮ್ ತನಕ 13 ಗೈಡ್‌ಲೈನು. ನಮ್ಮವ್ರು ಹೆದರೋದೆಲ್ಲ ಬಿ ಗೈಡ್‌ಲೈನಿಗೆ, ಅಂದ್ರೆ ವಿದೇಶದ ಸಂಬಂಧಕ್ಕೆ, ಊರಲ್ಲಿ ಅಪ್ಪ ಅಮ್ಮ ಇದಾರೆ, ಮೈಸೂರಲ್ಲಿ ಸೈಟ್ ಇದೆ, ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಭಾರತ ಕೊಡೋ ಓಸಿಐ ಕಾರ್ಡ್ ಇದೆ, ಏನಾಗುತ್ತೋ ಅಂತ. ನಾನೂ ಅದನ್ನೇ ಯೋಚ್ನೆ ಮಾಡ್ಕೊಂಡು ಹಾಸನದ ಮನೆ ಖಾತೆ, ಚಿಕ್ಕಪ್ಪಂದಿರ ವಿಳಾಸ, ಹುಟ್ಟಿದ ತಾರೀಖು ಎಲ್ಲಾ ಒಂದು ತಿಂಗಳು ಕೂತು ಸೇರಿಸಿದ್ದೆ. ಸಿಕ್ಕಾಕೊಂಡಿದ್ದು ಮಾತ್ರ ಇ ಗೈಡ್‌ಲೈನಲ್ಲಿ. ಪರ್ಸನಲ್ ಕಂಡಕ್ಟ್. ನಡತೆ.

ನಾನು ಮಾಡಿದ್ದು ಇಷ್ಟು. 2020ರ ಆಗಸ್ಟಲ್ಲಿ ಹಾಸನದಲ್ಲಿ ಅಮ್ಮಂಗೆ ಕೋವಿಡ್ ಆಗಿ ಆಸ್ಪತ್ರೆ ಸೇರಿದ್ರು, ಹೋಗೋಕೆ ಮಾಮೂಲಿ ಫ್ಲೈಟ್ ಇಲ್ಲ, ತಮ್ಮ ಒಬ್ನೇ ಓಡಾಡ್ತಿದ್ದ, ಅಲ್ಲಿ ಬೆಳಿಗ್ಗೆ 8 ಅಂದ್ರೆ ಇಲ್ಲಿ ರಾತ್ರಿ ಹತ್ತೂವರೆ, ರಾತ್ರಿಯೆಲ್ಲ ಫೋನಲ್ಲಿ ಕೂತು ಹಗಲು ನಿದ್ದೆ ಮಾಡ್ತಿದ್ದೆ, ಟೈಮ್‌ಶೀಟಲ್ಲಿ ಮಾತ್ರ ದಿನಕ್ಕೆ 8 ಗಂಟೆ ತುಂಬ್ತಾ ಹೋದೆ. ಲೀವ್ ಕೇಳಿದ್ರೆ ಕೊಡ್ತಿದ್ರು. ಕೇಳ್ಲಿಲ್ಲ, ಲೇಆಫ್ ನಡೀತಿತ್ತು, ಆ ಟೈಮಲ್ಲಿ ರಜ ಕೇಳಿದ್ರೆ ಪಟ್ಟಿಗೆ ಹೆಸರು ಸೇರುತ್ತೆ ಅಂತ ಭಯ. ಐದು ವಾರದಲ್ಲಿ ಕ್ಲೈಂಟಿಗೆ ಬಿಲ್ ಆದ 46 ಗಂಟೆ ನಾನು ಕೆಲ್ಸಾನೇ ಮಾಡಿರ್ಲಿಲ್ಲ. ಆಫೀಸ್ ನೆಟ್‌ವರ್ಕಿಗೆ ಯಾವಾಗ ಕನೆಕ್ಟ್ ಆಗಿದ್ದೆ ಅಂತ ತೋರಿಸೋ ವಿಪಿಎನ್ ಲಾಗ್ ತೆಗೆದು ಎಚ್‌ಆರ್‌ನೋರು ಮೀಟಿಂಗ್ ಕರೆದ್ರು, ರಾಜೀನಾಮೆ ಕೊಟ್ರೆ ಇಲ್ಲಿಗೆ ಮುಗಿಸ್ತೀವಿ ಅಂದ್ರು, ಕೊಟ್ಟೆ. ಅಮ್ಮ ಹುಷಾರಾದ್ರು, ಈಗಲೂ ಆರಾಮಾಗಿದಾರೆ. ಮನೇಲಿ ಹೆಂಡ್ತಿಗೆ ಬೇರೆ ಕಡೆ ಒಳ್ಳೆ ಆಫರ್ ಬಂತು ಅಂದೆ. ಎರಡು ತಿಂಗಳಲ್ಲಿ ನಿಜವಾಗ್ಲೂ ಬೇರೆ ಕೆಲ್ಸ ಸಿಕ್ತು, ವಿಷಯ ಅಲ್ಲಿಗೆ ಹೂತುಹೋಯ್ತು ಅಂದ್ಕೊಂಡೆ.

2024ರ ಮಾರ್ಚಲ್ಲಿ ಈಗಿರೋ ಕಂಪನಿ ನನ್ನನ್ನ ಸೀಕ್ರೆಟ್ ಕ್ಲಿಯರೆನ್ಸಿಗೆ ಹಾಕಿದ್ರು. ಎಸ್‌ಎಫ್-86 ಅನ್ನೋ ಫಾರಮ್ಮು, ಪ್ರಿಂಟ್ ತೆಗೆದ್ರೆ ನೂರು ಪೇಜ್ ಮೇಲೆ, ಈಗ ಇ-ಆಪ್ ಅಂತ ಆನ್‌ಲೈನಲ್ಲಿ ತುಂಬೋದು. ಅದ್ರಲ್ಲಿ ಕೆಲ್ಸದ ಸೆಕ್ಷನ್ನಿಗೆ ಬಂದಾಗ, ಯಾಕೆ ಬಿಟ್ರಿ ಅಂತ ಕೇಳುತ್ತೆ, ಅದರ ಜೊತೆಗೇ ಕಳೆದ 7 ವರ್ಷದಲ್ಲಿ ಈ ನಾಲ್ಕರಲ್ಲಿ ಯಾವುದಾದ್ರೂ ಆಗಿದ್ಯಾ ಅಂತ ಬಿಡಿಸಿ ಬಿಡಿಸಿ ಕೇಳುತ್ತೆ. ಕೆಲ್ಸದಿಂದ ತೆಗೆದ್ರಾ, ತೆಗೀತೀವಿ ಅಂದ ಮೇಲೆ ನೀವೇ ಬಿಟ್ರಾ, ನಡತೆ ಬಗ್ಗೆ ಆರೋಪ ಬಂದ ಮೇಲೆ ಇಬ್ರೂ ಒಪ್ಪಿ ಬಿಟ್ರಾ, ಕೆಲ್ಸ ಸರಿಯಿಲ್ಲ ಅಂದ ಮೇಲೆ ಒಪ್ಪಿ ಬಿಟ್ರಾ. ಮೂರನೇದು ಓದಿದಾಗ ಎದೆ ಧಸಕ್ ಅಂತು. ಅದು ನಂದೇ.

ಆಗ ನಾನು ಮಾಡಿದ ಎರಡನೇ ತಪ್ಪು ಏನಂದ್ರೆ ಯಾರ್ಯಾರನ್ನೋ ಕೇಳಿದ್ದು. 199 ಡಾಲರಿಗೆ ಫಾರಂ ಚೆಕ್ ಮಾಡಿ ಕೊಡ್ತೀವಿ ಅನ್ನೋ ಒಂದು ಆನ್‌ಲೈನ್ ಸರ್ವಿಸ್ ಸಿಕ್ತು, ಅಲ್ಲಿ ಚಾಟಲ್ಲಿದ್ದೋನು ನೀವು ರಿಸೈನ್ ಮಾಡಿದ್ದಲ್ವಾ, ಹಾಗಾದ್ರೆ ರಿಸೈನ್ಡ್ ಅಂತ ಹಾಕಿ ಮುಂದೆ ಹೋಗಿ ಅಂದ. ಯುಗಾದಿ ಕಾರ್ಯಕ್ರಮದಲ್ಲಿ ಊಟಕ್ಕೆ ಕೂತಾಗ ಪಕ್ಕದಲ್ಲಿದ್ದ ಹಿರಿಯರೊಬ್ರು, ಇಪ್ಪತ್ತು ವರ್ಷದಿಂದ ಗೌರ್ಮೆಂಟ್ ಪ್ರಾಜೆಕ್ಟಲ್ಲೇ ಇರೋರು, ಅಯ್ಯೋ ನೀನ್ಯಾಕಪ್ಪಾ ಮೈಮೇಲೆ ಹಾಕ್ಕೋತೀಯ, ಅಷ್ಟು ಹಳೇ ಕಂಪನೀಗೆ ಯಾರು ಫೋನ್ ಮಾಡ್ತಾರೆ, ಬರೀಬೇಡ ಬಿಡು ಅಂದ್ರು. ಅವರಿಗೆ ನನ್ನ ಮೇಲೆ ಪ್ರೀತಿ ಇತ್ತು, ಅದ್ರಲ್ಲಿ ಅನುಮಾನ ಇಲ್ಲ. ಅಷ್ಟೊತ್ತಿಗೆ ನಾನು 'ಇಲ್ಲ' ಅಂತ ಟಿಕ್ ಮಾಡಿ, ಬಿಡಲು ಕಾರಣ 'ಉತ್ತಮ ಅವಕಾಶ' ಅಂತ ಬರೆದು ಸೈನ್ ಮಾಡಿ ಕಳಿಸಿ ಆಗಿತ್ತು, ಅವರ ಮಾತು ಕೇಳಿ ಸದ್ಯ ಸರಿ ಮಾಡಿದೀನಿ ಅಂತ ಒಂದು ವಾರ ಸಮಾಧಾನವಾಗಿದ್ದೆ. ಆಮೇಲೆ ಸೈನ್ ಮಾಡೋ ಪೇಜಲ್ಲಿದ್ದ ಕಾನೂನಿನ ಸಾಲು ನೆನಪಾಯ್ತು, ಫೆಡರಲ್ ಕಾನೂನು 18ನೇ ಟೈಟಲ್ ಸೆಕ್ಷನ್ 1001, ಬೇಕಂತ ಸುಳ್ಳು ಹೇಳಿದ್ರೆ 5 ವರ್ಷದ ತನಕ ಜೈಲು. ರಾತ್ರಿ ನಿದ್ದೆ ಹೋಯ್ತು. ಹಾಗೆ ಈ ಲಾಯರಮ್ಮನ ಅಪಾಯಿಂಟ್‌ಮೆಂಟ್ ತಗೊಂಡಿದ್ದು.

ಈಗ ಸರ್ವಿಸ್ ಬಗ್ಗೆ. ಮೊದಲ ಮೀಟಿಂಗು ಒಂದು ಗಂಟೆ ಅಂತ ಹೇಳಿ ಒಂದು ಗಂಟೆ ಇಪ್ಪತ್ತು ನಿಮಿಷ ಕೂತ್ರು, ಜಾಸ್ತಿ ಟೈಮಿಗೆ ಚಾರ್ಜ್ ಮಾಡ್ಲಿಲ್ಲ. ನಾನು ಶುರು ಮಾಡಿದ್ದೇ ಪ್ರಶ್ನೆ ಸ್ವಲ್ಪ ಗೊಂದಲವಾಗಿತ್ತು ಮೇಡಂ ಅಂತ. ಅವರು ಪೆನ್ ಕೆಳಗಿಟ್ಟು, ನಿಮಗೆ ನಿಜವಾಗ್ಲೂ ಅರ್ಥ ಆಗಿರ್ಲಿಲ್ಲ ಅಂದ್ರೆ ಹಾಗೇ ಬರೆಯೋಣ, ಯಾಕಂದ್ರೆ ತಿಳೀದೇ ಬಿಟ್ಟಿದ್ದು ಬೇರೆ, ತಿಳಿದೂ ಮುಚ್ಚಿಟ್ಟಿದ್ದು ಬೇರೆ, ನಿಯಮ ಹಿಡಿಯೋದು ಎರಡನೇದನ್ನ, ಆದ್ರೆ ಅರ್ಥ ಆಗಿದ್ರೆ ಗೊಂದಲ ಅನ್ನೋ ಪದ ನನ್ನ ಆಫೀಸಿಂದ ಹೊರಗೆ ಹೋಗಲ್ಲ, ಯಾವುದು ಹೇಳಿ ಅಂದ್ರು. ನಾನು ತುಂಬಾ ಹೊತ್ತು ಸುಮ್ನಿದ್ದೆ. ಆಮೇಲೆ ಅರ್ಥ ಆಗಿತ್ತು ಅಂದೆ. ಸರಿ, ಈಗ ಕೆಲ್ಸ ಶುರು ಮಾಡೋಣ ಅಂದ್ರು. ದುಡ್ಡು ಇಸ್ಕೊಂಡೋರು ಹಿಂಗೆ ಕೇಳ್ತಾರೆ ಅಂತ ನಾನು ಅಂದ್ಕೊಂಡಿರ್ಲಿಲ್ಲ, ಏನೋ ಒಂದು ದಾರಿ ಹುಡುಕಿ ಮಾತು ತಿರುಗಿಸಿ ಕೊಡ್ತಾರೆ ಅಂದ್ಕೊಂಡೇ ಹೋಗಿದ್ದೆ.

ಅವರು ಸ್ಕ್ರೀನ್ ನನ್ನ ಕಡೆ ತಿರುಗಿಸಿ ಇ ಗೈಡ್‌ಲೈನ್ ಸಾಲು ಸಾಲಾಗಿ ಓದಿಸಿದ್ರು. 16ನೇ ಪ್ಯಾರಾದಲ್ಲಿ ಏನೇನು ಮಾಡಿದ್ರೆ ಅನುಮಾನ ಬರುತ್ತೆ ಅಂತಿದೆ, 17ರಲ್ಲಿ ಯಾವುದು ಆ ಅನುಮಾನ ತಗ್ಗಿಸುತ್ತೆ ಅಂತ. 17ರಲ್ಲಿ ಮೊದಲನೇದೇ ನಂಗೆ ಬೇಕಾಗಿದ್ದು: ಬಿಟ್ಟಿದ್ದನ್ನ, ಮುಚ್ಚಿಟ್ಟಿದ್ದನ್ನ ತಾನಾಗೇ, ಬೇಗ, ಒಳ್ಳೆ ಮನಸ್ಸಿಂದ ಸರಿಪಡಿಸಿದ್ರೆ, ಅದೂ ಅವರು ದಾಖಲೆ ಎದುರಿಗಿಟ್ಟು ಕೇಳೋ ಮೊದಲು. ಆ ಕೊನೇ ತುಂಡಿನ ಮೇಲೆ ಬೆರಳಿಟ್ಟು, ಇನ್ವೆಸ್ಟಿಗೇಟರ್ ನಿಮ್ಮ ಹಳೇ ಎಚ್‌ಆರ್‌ಗೆ ಫೋನ್ ಮಾಡಿ ಆಮೇಲೆ ನಿಮ್ಮನ್ನ ಕೇಳಿದ್ರೆ ಈ ಬಾಗಿಲು ಮುಚ್ಚಿತು ಅಂತ ತಿಳ್ಕೊಳ್ಳಿ, ಇವತ್ತು ಮಂಗಳವಾರ, ಶುಕ್ರವಾರದೊಳಗೆ ನಿಮ್ಮ ಪತ್ರ ಹೋಗ್ಬೇಕು ಅಂದ್ರು.

ಯುಗಾದಿ ಊಟದ ಸಲಹೆ ಬಗ್ಗೆನೂ ಹೇಳ್ದೆ. ಅದಕ್ಕೂ 17ರಲ್ಲಿ ಒಂದು ಸಾಲಿದೆ, ಬೇರೆಯವರ ಸಲಹೆಯಿಂದ ತಪ್ಪಾಗಿದ್ರೆ ಸ್ವಲ್ಪ ರಿಯಾಯಿತಿ, ಆದ್ರೆ ಆ ಸಲಹೆ ಕೊಟ್ಟೋರು ಲಾಯರ್ ಆಗಿರ್ಬೇಕು ಇಲ್ಲಾ ಸೆಕ್ಯುರಿಟಿ ವಿಷಯದಲ್ಲಿ ಹೇಳೋ ಜವಾಬ್ದಾರಿ ಇರೋರಾಗಿರ್ಬೇಕು, ಫ್ರೆಂಡು, ಸಹೋದ್ಯೋಗಿ, ಸಂಘದ ಹಿರಿಯರು ಯಾರೂ ಲೆಕ್ಕಕ್ಕಿಲ್ಲ, ಅದೂ ಅಲ್ದೆ ನಾನು ಅವರನ್ನ ಕೇಳಿದ್ದೇ ಸೈನ್ ಮಾಡಿದ ಮೇಲೆ. ಆ 199 ಡಾಲರ್ ಚಾಟ್‌ನೋನು ಲಾಯರ್ ಅಲ್ಲ ಅಂತ ಅವರ ವೆಬ್‌ಸೈಟ್ ಕೆಳಗೇ ಸಣ್ಣ ಅಕ್ಷರದಲ್ಲಿ ಇತ್ತು, ನಾನು ನೋಡಿರ್ಲಿಲ್ಲ. ಕಂಪನೀಲಿ ಸೆಕ್ಯುರಿಟಿ ಆಫೀಸರ್ ಅಂತ ಇರ್ತಾರಲ್ಲ, ಎಫ್‌ಎಸ್‌ಒ, ಅವರ ಹತ್ರ ಸಲಹೆ ಕೇಳ್ಬಹುದಿತ್ತಾ ಅಂದಿದ್ದಕ್ಕೆ, ಕೇಳ್ಬಹುದು, ಆದ್ರೆ ಅವರು ನಿಮ್ಮ ವಕೀಲರಲ್ಲ, ನೀವು ಹೇಳಿದ್ದನ್ನ ಮೇಲಕ್ಕೆ ವರದಿ ಮಾಡೋದು ಅವರ ಡ್ಯೂಟಿ, ಅದು ಗೊತ್ತಿದ್ದು ಮಾತಾಡಿ ಅಂದ್ರು. ಇದನ್ನ ಎಷ್ಟು ಜನಕ್ಕೆ ಗೊತ್ತಿದೆಯೋ.

ಮನೆಗೆ ಹೋಗಿ ಓದಿ ಅಂತ ಡೋಹಾದ ಮೂರು ತೀರ್ಪು ಪ್ರಿಂಟ್ ಕೊಟ್ರು. ಡೋಹಾ ಅಂದ್ರೆ ರಕ್ಷಣಾ ಇಲಾಖೆಯಲ್ಲಿ ಇಂಥ ಕೇಸಿನ ವಿಚಾರಣೆ ಮಾಡೋ ಆಫೀಸು, ಆರ್ಲಿಂಗ್ಟನಲ್ಲಿರೋದು, ಹೆಸರು ತೆಗೆದು ತೀರ್ಪೆಲ್ಲ ವೆಬ್‌ಸೈಟಲ್ಲಿ ಹಾಕ್ತಾರೆ, ಯಾರು ಬೇಕಾದ್ರೂ ಓದ್ಬಹುದು. ಓದ್ತಾ ಓದ್ತಾ ಒಂದು ವಿಷಯ ಕಣ್ಣಿಗೆ ಹೊಡೀತು, ಮೂರರಲ್ಲೂ ಮೂಲ ತಪ್ಪು ಒಂದೊಂದು ಪ್ಯಾರಾದಲ್ಲಿ ಮುಗಿದಿರುತ್ತೆ, ಅದನ್ನ ಫಾರಮ್ಮಲ್ಲಿ ಬಿಟ್ಟಿದ್ದು ಯಾಕೆ ಅನ್ನೋದೇ ಪೇಜುಗಟ್ಟಲೆ. ಆ ಮನುಷ್ಯನ ವಯಸ್ಸೆಷ್ಟಿತ್ತು, ಎಷ್ಟು ಸಲ ಮಾಡಿದ, ಎಷ್ಟು ವರ್ಷ ಆಯ್ತು, ಮತ್ತೆ ಮಾಡ್ತಾನಾ, ಯಾರಾದ್ರೂ ಹೆದರಿಸಿ ಬಗ್ಗಿಸ್ಬಹುದಾ ಅಂತ ಇಡೀ ಮನುಷ್ಯನ್ನ ನೋಡ್ತಾರೆ, ಕೊನೆಗೆ ಅನುಮಾನ ಉಳಿದ್ರೆ ಅದು ದೇಶದ ಪರ, ನಮ್ಮ ಪರ ಅಲ್ಲ. ಕ್ರಿಮಿನಲ್ ಕೋರ್ಟಿನ ಉಲ್ಟಾ. ಕ್ಲಿಯರೆನ್ಸ್ ಯಾರ ಹಕ್ಕೂ ಅಲ್ಲ ಅಂತ ಸುಪ್ರೀಂ ಕೋರ್ಟು 1988ರಲ್ಲೇ ನೇವಿ ವರ್ಸಸ್ ಈಗನ್ ಕೇಸಲ್ಲಿ ಹೇಳ್ಬಿಟ್ಟಿದೆ, ಆ ಈಗನ್ ಅನ್ನೋ ಮನುಷ್ಯ ಸಬ್‌ಮರೀನ್ ರಿಪೇರಿ ಜಾಗದಲ್ಲಿ ಕೂಲಿ ಕೆಲ್ಸದೋನು, ಅವನ ಮೇಲೂ ಹಳೇ ಶಿಕ್ಷೆಗಳ ಜೊತೆಗೆ ಎರಡು ಶಿಕ್ಷೇನ ಅರ್ಜೀಲಿ ಹೇಳ್ಲಿಲ್ಲ ಅನ್ನೋದೂ ಇತ್ತು. ಓಪನ್‌ಹೈಮರ್ ಕಥೆ ನಮ್ಮಲ್ಲಿ ಎಲ್ಲರಿಗೂ ಗೊತ್ತು, ಅಣುಬಾಂಬ್ ಮಾಡಿಸಿದ ವಿಜ್ಞಾನಿ, ಗೀತೆ ಓದಿದೋರು ಅಂತ. 1943ರಲ್ಲಿ ಗೆಳೆಯನ್ನ ಉಳಿಸೋಕೆ ಸೆಕ್ಯುರಿಟಿ ಅಧಿಕಾರಿಗಳ ಮುಂದೆ ಕಟ್ಟಿದ ಸುಳ್ಳು 1954ರಲ್ಲಿ ಅವರ ಎದುರಿಗೆ ಬಂತು, ಅಣುಶಕ್ತಿ ಆಯೋಗ 4-1ರಲ್ಲಿ ಕ್ಲಿಯರೆನ್ಸ್ ಇಲ್ಲ ಅಂತು, ಕಾರಣದಲ್ಲಿ ನಡತೆಯ ದೋಷ ಅಂತಾನೇ ಬರೆದ್ರು. ಆ ತೀರ್ಮಾನ ಸರಿಯಿರ್ಲಿಲ್ಲ ಅಂತ ರದ್ದಾಗಿದ್ದು 2022ರ ಡಿಸೆಂಬರಲ್ಲಿ, ಅವರು ತೀರಿಕೊಂಡು 55 ವರ್ಷ ಆದ್ಮೇಲೆ. ಆ ವಿಚಾರಣೆ ಅನ್ಯಾಯ ಅಂತಲೇ ನನ್ನ ಅಭಿಪ್ರಾಯ, ಆದ್ರೂ 11 ವರ್ಷ ಆದ್ಮೇಲೆ ಒಂದು ಸುಳ್ಳು ಹೆಂಗೆ ಎದ್ದು ಬರುತ್ತೆ ಅಂತ ಅವತ್ತು ರಾತ್ರಿ ಯೋಚ್ನೆ ಮಾಡಿದ್ದು ನಿಜ.

ಮೀಟಿಂಗ್ ಮುಗಿಯೋ ಹೊತ್ತಿಗೆ ಅವರು ಕೇಳಿದ ಒಂದು ಪ್ರಶ್ನೆಗೇ 350 ಡಾಲರ್ ಸಾಕು ಅಂತೀನಿ. ನಿಮ್ಮ ಹೆಂಡತಿಗೆ ಗೊತ್ತಾ ಅಂದ್ರು. ಇಲ್ಲ ಅಂದೆ. ಅಪ್ಪ ಅಮ್ಮಂಗೆ? ಇಲ್ಲ. ಹಾಗಾದ್ರೆ ನಿಮ್ಮ ಕೇಸಲ್ಲಿ ಟೈಮ್‌ಶೀಟಿಗಿಂತ ಇದು ದೊಡ್ಡದು ಅಂದ್ರು. 16ರಲ್ಲೇ ಇನ್ನೊಂದು ಸಾಲು ತೋರಿಸಿದ್ರು, ಮುಚ್ಚಿಟ್ಟ ನಡತೆ ಇದ್ರೆ ಅದನ್ನ ಹಿಡ್ಕೊಂಡು ಹೊರಗಿನೋರು ಬ್ಲಾಕ್‌ಮೇಲ್ ಮಾಡ್ಬಹುದು ಅನ್ನೋದು. ನಾನು ಆಗ, ಮೇಡಂ ಈ ಫಾರಮ್ಮುಗಳೇ 2015ರಲ್ಲಿ ಹ್ಯಾಕ್ ಆಗಿ 2 ಕೋಟಿ 15 ಲಕ್ಷ ಜನರ ವಿವರ ಹೋಯ್ತಲ್ಲ, ಅದ್ರಲ್ಲಿ ಬರೆದ್ರೆ ಇನ್ನೂ ಅಪಾಯ ಅಲ್ವಾ ಅಂದೆ. ಅದಕ್ಕೆ ಅವರು ಹೇಳಿದ್ದು: ಕದ್ದೋನು ಓದಿ ನಿಮಗೆ ಫೋನ್ ಮಾಡ್ತಾನೆ ಅಂತಿಟ್ಕೊಳ್ಳಿ, ನಿನ್ನ ಹೆಂಡತಿಗೆ ಹೇಳ್ತೀನಿ ಅಂತಾನೆ, ಅವರಿಗೆ ಮೊದಲೇ ಗೊತ್ತಿದ್ರೆ ಅವನ ಕೈಯಲ್ಲಿ ಏನುಳೀತು?

ಅವತ್ತು ಸಂಜೆ ಮನೆಗೆ ಬಂದಾಗ ಇವಳು ಡೈನಿಂಗ್ ಟೇಬಲ್ ಮೇಲೆ ನೆನೆಸಿದ ಅವರೆಕಾಳು ಹರಡ್ಕೊಂಡು ಹಿಸುಕ್ತಾ ಕೂತಿದ್ಲು. ಪಕ್ಕದಲ್ಲಿ ಕೂತು ನಾನೂ ಒಂದು ಹಿಡಿ ತಗೊಂಡು ಹಿಸುಕ್ತಾ ಹಿಸುಕ್ತಾ ಎಲ್ಲಾ ಹೇಳ್ದೆ. ಅವಳು ಟೈಮ್‌ಶೀಟ್ ಬಗ್ಗೆ ಒಂದು ಮಾತೂ ಕೇಳ್ಲಿಲ್ಲ. ಆ ವರ್ಷ ದೀಪಾವಳೀಲಿ ನಮ್ಮಣ್ಣ ಫೋನ್ ಮಾಡಿದಾಗ, ಇವರಿಗೆ ದೊಡ್ಡ ಆಫರ್ ಬಂತು ಅದಕ್ಕೆ ಆ ಕಂಪನಿ ಬಿಟ್ರು ಅಂತ ನಾನು ಹೆಮ್ಮೆಯಿಂದ ಹೇಳಿದ್ನಲ್ಲ ರೀ, ನನ್ನ ಬಾಯಲ್ಲೂ ಸುಳ್ಳು ಹೇಳಿಸಿದ್ರಲ್ಲ ಅಂದ್ಲು. ಆಮೇಲೆ ಮಾತಿಲ್ಲ. ಸಿಪ್ಪೆ ಒಂದು ಕಡೆ, ಬೇಳೆ ಒಂದು ಕಡೆ ಬೀಳ್ತಾ ಇತ್ತು ಅಷ್ಟೇ. ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡ್ಲಿಲ್ಲ. ಗುರುವಾರ ರಾತ್ರಿ ತಾನಾಗೇ ಬಂದು ಎಲ್ಲಿ ಆ ಪತ್ರ ಕೊಡಿ ಅಂತ ಇಸ್ಕೊಂಡು ಓದಿದ್ಲು, ಓದಿ ತಾರೀಖು ತಪ್ಪು ಅಂದ್ಲು. ನಾನು ಎಚ್‌ಆರ್ ಮೀಟಿಂಗು ಸೆಪ್ಟೆಂಬರ್ 25 ಅಂತ ಬರೆದಿದ್ದೆ, ಅಲ್ಲ, ಅದು ಮಹಾಲಯ ಅಮಾವಾಸ್ಯೆ ಮಾರನೇ ದಿನ, ನೀವು ಅವತ್ತು ಮಧ್ಯಾಹ್ನ ಊಟ ಬೇಡ ಅಂತ ಹೋಗಿ ಮಲಗಿಬಿಟ್ರಿ, ನಂಗೆ ಚೆನ್ನಾಗಿ ನೆನಪಿದೆ ಅಂದ್ಲು. ಹಳೇ ಮೇಲ್ ತೆಗೆದು ನೋಡಿದ್ರೆ 18ನೇ ತಾರೀಖು. ತಪ್ಪು ಒಪ್ಕೊಳ್ಳೋ ಪತ್ರದಲ್ಲೇ ಎಚ್‌ಆರ್ ದಾಖಲೆಗೆ ಹೊಂದದ ತಾರೀಖು ಹೋಗ್ತಿತ್ತು.

ಪತ್ರ ಬರೆಸಿದ ರೀತಿ ಬಗ್ಗೆ ಹೇಳ್ಲೇಬೇಕು. ನಾನು ಮೊದಲು ಬರೆದಿದ್ದು ನಾಲ್ಕು ಪೇಜು, ಅದ್ರಲ್ಲಿ ಮೂರು ಪೇಜು ಅಮ್ಮನ ಕಾಯಿಲೆ. ಅವರು ಕೆಂಪು ಪೆನ್ನಲ್ಲಿ ಹೊಡೆದು ಹಾಕಿ ಒಂದೂಕಾಲು ಪೇಜಿಗೆ ಇಳಿಸಿದ್ರು, ಅಮ್ಮನ ವಿಷಯಕ್ಕೆ ಮೂರೇ ಸಾಲು. ನಂಗೆ ಬೇಜಾರಾಯ್ತು, ಅದೇ ಅಲ್ವಾ ನಿಜವಾದ ಕಾರಣ ಅಂದೆ. ನಿಮ್ಮ ತಾಯಿ ಕಾಯಿಲೆ ನಿಮಗೆ ನಿದ್ದೆ ಕೆಡಿಸ್ತು, 8 ಅಂತ ಟೈಪ್ ಮಾಡಿದ್ದು ನೀವು ಅಂದ್ರು. ಮೊದಲ ಸಾಲೇ ಹಿಂಗೆ ಶುರುವಾಗುತ್ತೆ, ನಾನು ಸೈನ್ ಮಾಡಿದ ಫಾರಮ್ಮಲ್ಲಿ ಒಂದು ಉತ್ತರ ಸುಳ್ಳು, ಬರೆಯುವಾಗ ಸುಳ್ಳು ಅಂತ ನನಗೆ ಗೊತ್ತಿತ್ತು. ಅದನ್ನ ಟೈಪ್ ಮಾಡುವಾಗ ಕೈ ನಡುಗ್ತು. ಶುಕ್ರವಾರ ಬೆಳಿಗ್ಗೆ ಎಫ್‌ಎಸ್‌ಒ ಕೈಗೆ ಕೊಟ್ಟು, ತಗೊಂಡಿದೀನಿ ಅಂತ ಅವರಿಂದ ತಾರೀಖು ಇರೋ ಈಮೇಲ್ ಇಸ್ಕೊಂಡೆ. ಆ ಈಮೇಲ್ ಮರೀಬೇಡಿ ಅಂತ ಲಾಯರಮ್ಮ ಎರಡು ಸಲ ಹೇಳಿದ್ರು, ನಾವಾಗೇ ಮೊದಲು ಹೇಳಿದ್ವಿ ಅನ್ನೋದಕ್ಕೆ ಸಾಕ್ಷಿ ಅದೊಂದೇ.

ಸೀಕ್ರೆಟ್ ಮಟ್ಟಕ್ಕೆ ಸಾಮಾನ್ಯವಾಗಿ ಮುಖಾಮುಖಿ ಇಂಟರ್‌ವ್ಯೂ ಇರಲ್ಲ, ಏನಾದ್ರೂ ವಿಷಯ ಇದ್ರೆ ಮಾತ್ರ ಕರೀತಾರೆ, ನನ್ನನ್ನ ಜೂನಲ್ಲಿ ಕರೆದ್ರು. ಇನ್ವೆಸ್ಟಿಗೇಟರ್ ವಯಸ್ಸಾದೋರು, ಶಾಂತವಾಗಿ ಕೇಳಿದ್ರು, ಎರಡೂವರೆ ಗಂಟೆ. ತಯಾರೀಲಿ ಲಾಯರಮ್ಮ ಹೇಳಿಕೊಟ್ಟಿದ್ದು ಇಷ್ಟೇ, ಕೇಳಿದ್ದಕ್ಕೆ ಉತ್ತರ ಕೊಡಿ, ಗೊತ್ತಿಲ್ದಿದ್ರೆ ಗೊತ್ತಿಲ್ಲ ಅನ್ನಿ, ಹಳೇ ಮ್ಯಾನೇಜರನ್ನ ಬೈಬೇಡಿ. ನವೆಂಬರಲ್ಲಿ ಲಿಖಿತ ಪ್ರಶ್ನೆ ಬಂದ್ವು, ಹೆಂಡ್ತಿ ಮತ್ತೆ ಈಗಿನ ಮ್ಯಾನೇಜರ್ ಕೈಲಿ ವಿಷಯ ಗೊತ್ತು ಅಂತ ಪತ್ರ ಬರೆಸಿ ಸೇರಿಸಿದ್ವಿ. ಈಗಿನ ಮ್ಯಾನೇಜರಿಗೆ ಹೇಳೋದು ಹೆಂಡ್ತಿಗೆ ಹೇಳಿದ್ದಕ್ಕಿಂತ ಸುಲಭ ಆಯ್ತು, ಯಾಕೋ ಗೊತ್ತಿಲ್ಲ. 2025ರ ಫೆಬ್ರವರೀಲಿ ಕ್ಲಿಯರೆನ್ಸ್ ಬಂತು. ಕೊಡೋಕಾಗಲ್ಲ ಅಂತ ಅವರಿಗನ್ನಿಸಿದ್ರೆ ಕಾರಣಗಳ ಪಟ್ಟಿ ಕಳಿಸ್ತಾರೆ, ಎಸ್‌ಒಆರ್ ಅಂತಾರೆ, ಅದಕ್ಕೆ 20 ದಿನದಲ್ಲಿ ಪ್ರತಿಯೊಂದಕ್ಕೂ ಒಪ್ತೀನಿ ಇಲ್ಲ ಒಪ್ಪಲ್ಲ ಅಂತ ಉತ್ತರ ಕೊಡ್ಬೇಕು, ಜಡ್ಜ್ ಮುಂದೆ ವಿಚಾರಣೆ ಕೇಳ್ಬಹುದು. ಆ ಹಂತಕ್ಕೆ ಹೋದ್ರೆ ಲಾಯರಮ್ಮನ ಫೀಸು ಬೇರೆ, 7,000 ಡಾಲರಿಂದ ಶುರು ಅಂದಿದ್ರು. ನಂದು ಅಲ್ಲಿತನಕ ಹೋಗ್ಲಿಲ್ಲ. ಕ್ಲಿಯರೆನ್ಸ್ ಇವರಿಂದಲೇ ಬಂತು ಅಂತ ಹೇಳಲ್ಲ, ಇವರೂ ಹಂಗೆ ಹೇಳ್ಲಿಲ್ಲ, ಮೊದಲ ದಿನಾನೇ ನಾನು ಗ್ಯಾರಂಟಿ ಕೊಡಲ್ಲ, ಗ್ಯಾರಂಟಿ ಕೊಡೋ ಲಾಯರ್ ಹತ್ರ ಹೋಗಲೂಬೇಡಿ ಅಂದಿದ್ರು.

ಸರಿಯಿಲ್ದೇ ಇರೋದೂ ಇದೆ. ಈಮೇಲಿಗೆ ಉತ್ತರ ಬರೋದು ಮೂರು ನಾಲ್ಕು ದಿನ, ಆ ದಿನಗಳಲ್ಲಿ ನನ್ನ ಹೊಟ್ಟೆಯೊಳಗೆ ಆದ ಸಂಕಟ ನಂಗೇ ಗೊತ್ತು, ಅಂಥ ಕೇಸಲ್ಲಿರೋರಿಗೆ ನೋಡಿದೀನಿ ಅಂತ ಒಂದು ಸಾಲಾದ್ರೂ ಹಾಕ್ಬೇಕು. ಪ್ಯಾಕೇಜ್ ಬಿಟ್ಟು ಮಾಡಿದ ಫೋನಿಗೆ 6 ನಿಮಿಷಕ್ಕೊಂದು ಲೆಕ್ಕ, ಅದನ್ನ ಮೊದಲೇ ಬಾಯಲ್ಲಿ ಹೇಳ್ಲಿಲ್ಲ, ಅಗ್ರಿಮೆಂಟಲ್ಲಿ ಮಾತ್ರ ಇತ್ತು. ಶನಿವಾರ ಭಾನುವಾರ ಇಲ್ಲವೇ ಇಲ್ಲ. ಮತ್ತೆ ಭಾರತದ ವಿಷಯ ಅವರಿಗೆ ಅಷ್ಟು ಗೊತ್ತಿಲ್ಲ, ಓಸಿಐ ಅಂದ್ರೆ ಪೌರತ್ವ ಅಲ್ಲ, ಭಾರತದ ಪೌರತ್ವ ಇಟ್ಕೊಂಡೇ ಇನ್ನೊಂದು ದೇಶದ ಸಿಟಿಜನ್ ಆಗೋದನ್ನ ಭಾರತ ಒಪ್ಪೋದೇ ಇಲ್ಲ ಅಂತ ನಾನೇ ವಿವರಿಸ್ಬೇಕಾಯ್ತು, ಕೇಳ್ಕೊಂಡು ಬರ್ಕೊಂಡ್ರು ಅನ್ನೋದು ಬೇರೆ ಮಾತು.

ಫಾರಮ್ಮಲ್ಲಿ ಬರೆಯೋಕೆ ಅಂಥದ್ದೇನೂ ಇಲ್ಲ, ಬರೀ ನೆಂಟರ ಪಟ್ಟಿ ಉದ್ದ ಇದೆ ಅನ್ನೋರಿಗೆ ಈ ಸರ್ವಿಸ್ ಬೇಡ, ದುಡ್ಡು ದಂಡ. ಕೆಲ್ಸದಿಂದ ಬಿಡಿಸಿದ್ದು, ವಾರ್ನಿಂಗ್ ಲೆಟರ್, ಗಾಂಜಾ, ಪೊಲೀಸ್ ಕೇಸು ಇಂಥದ್ದು ಏನಾದ್ರೂ ಇದ್ರೆ ಸೈನ್ ಮಾಡೋ ಮೊದಲೇ ಹೋಗಿ. ಗಾಂಜಾ ಸೇದಿದ್ದು ನಿಮ್ಮ ಸ್ಟೇಟಲ್ಲಿ ಲೀಗಲ್ ಅಂದ್ರೂ ಫೆಡರಲ್ ಲೆಕ್ಕದಲ್ಲಿ ಅಲ್ಲ, ಹಳೇದು ಅಂದ್ರೆ ಅದೊಂದರಿಂದಲೇ ಹೋಗಲ್ಲ ಅಂತ 2021ರಲ್ಲಿ ಮಾರ್ಗಸೂಚಿ ಬಂದಿದೆ, ಬರೆಯೋದು ಮಾತ್ರ ಬರೀಲೇಬೇಕು. ಆಗಲೇ ಸೈನ್ ಮಾಡಿ ಕಳಿಸಿದ್ರೆ ಇವತ್ತೇ ಫೋನ್ ಮಾಡಿ. 350 ಡಾಲರಿನ ಮೊದಲ ಮೀಟಿಂಗ್ ಸಾಕಾಗುತ್ತೆ ತುಂಬಾ ಜನಕ್ಕೆ, 2,800ರ ಪ್ಯಾಕೇಜಿಗೆ ಅಲ್ಲೇ ಸೈನ್ ಹಾಕ್ಬೇಡಿ, ಒಂದು ರಾತ್ರಿ ಯೋಚ್ನೆ ಮಾಡಿ ಹಾಕಿ, ಅವರೂ ಒತ್ತಾಯ ಮಾಡಲ್ಲ. ಗಂಡನೋ ಹೆಂಡ್ತಿನೋ ಜೊತೇಲಿ ಬಂದ್ರೆ ಕುರ್ಚಿ ಹಾಕ್ತಾರೆ, ಎಕ್ಸ್‌ಟ್ರಾ ಚಾರ್ಜ್ ಇಲ್ಲ. ಬೆಳಿಗ್ಗೆ 10ರ ಸ್ಲಾಟ್ ಕೇಳಿ, ಮಧ್ಯಾಹ್ನ ಆದ್ರೆ ಕೆಳಗಿನ ಹಲ್ಲಿನ ಡಾಕ್ಟರ್ ಪೇಷೆಂಟುಗಳ ಕಾರೇ ತುಂಬಿರುತ್ತೆ, ಪಾರ್ಕಿಂಗ್ ಸಿಗಲ್ಲ.